ಹನುಮಪ್ಪನ ಪಕ್ಕದ ಗೊಂಬೆ

ದೇವದುರ್ಗ
ತಾ. ೧೮-೩-೧೯೪೫

ಯುದ್ಧದ ಆಸ್ಪತ್ರೆಯಲ್ಲಿ ದುಡಿಯುತ್ತಿರುವ ನಮ್ಮ ಮನೆಯವರ ಪಾದಕ್ಕೆ, ನೀವು ಬಾಯಿಬಡಕಿ ಎಂದು ಕರೆಯುವ ಅಹಲ್ಯೆಯ ನಮಸ್ಕಾರ.

ನಾನೂ ಅತ್ತೆಯವರೂ ಕ್ಷೇಮ. ಕೂಸು ಪ್ರಾಣೇಶನದೇ ಚಿಂತೆಯಾಗಿತ್ತು. ಜೊತೆಯಲ್ಲಿ ಹುಟ್ಟಿದ ವೆಂಕೋಬ ತೀರಿಕೊಂಡಾಗಿನಿಂದ ಅವನು ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ. ಮಲಗಿದಲ್ಲೇ ಪಕ್ಕಕ್ಕೆ ಕೈಯಾಡಿಸುತ್ತಿದ್ದ. ಹಲ್ಲು ಬಾರದ ಕೂಸಿಗೆ ನಮ್ಮಲ್ಲಿ ದಿನವಿಲ್ಲ, ಪಿಂಡವಿಲ್ಲ. ಹೆಸರೆತ್ತಿ ಅತ್ತರೆ ಉಳಿದದ್ದೂ ಹೋದೀತೆಂದು ಅತ್ತೆಯವರು ನನ್ನನ್ನು ಅಳುವುದಕ್ಕೂ ಬಿಟ್ಟಿರಲಿಲ್ಲ.

ಇಂಥದರಲ್ಲಿ ನಿಮ್ಮ ಜೊತೆ ಕೆಲಸ ಮಾಡುವ ಕವಿತಾಳದ ಬಂದೇನವಾಜರು ರಜೆಯ ಮೇಲೆ ಬಂದರು. ನೀವು ಕಳಿಸಿದ ಗಂಟನ್ನು ಅತ್ತೆಯವರಿಗೆ ಕೊಟ್ಟು, ಮೋಟಾರು ತಪ್ಪೀತೆಂದು ಓಡಿದರು. ಬಿಚ್ಚಿದರೆ ಗೇಣುದ್ದದ ಮರದ ಗೊಂಬೆ! ದೊಡ್ಡವರ ಮುಖ, ದಪ್ಪ ಕಣ್ಣು, ನೆತ್ತಿಯ ಮೇಲೆ ಎತ್ತರದ ಜುಟ್ಟು. ಆ ಜುಟ್ಟನ್ನು ಅತ್ತೆಯವರು ಕಿರೀಟವೆಂದುಕೊಂಡರು. "ನನ್ನ ಮಗ ಯಾವ್ದೋ ಕ್ಷೇತ್ರದಿಂದ ದೇವರನ್ನ ಕಳಿಸ್ಯಾನ" ಎಂದು ತುಳಸಿ ನೀರು ಚಿಮುಕಿಸಿ, ದೇವರ ಜಗುಲಿಯ ಮೇಲೆ ಹನುಮಪ್ಪನ ಪಕ್ಕದಲ್ಲಿ ಕೂಡಿಸಿಯೇ ಬಿಟ್ಟರು. ದಿನಾ ಅಭಿಷೇಕ, ಹಾಲು-ಸಕ್ಕರೆಯ ನೈವೇದ್ಯ. ನಕ್ಕದ್ದಕ್ಕೆ ನಾನು ಬೈಸಿಕೊಂಡೆ.

ನಿನ್ನೆ ಬಂದೇನವಾಜರು ಮರಳಿ ಹೊರಡುವ ಮುಂಚೆ ಬಂದು ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದರು. ನೀವು ಆರೈಕೆ ಮಾಡಿದ ನೈಜೀರಿಯಾದ ಸಿಪಾಯಿ ಅದನ್ನು ಕೆತ್ತಿದನಂತೆ. ಅವನ ಜನದಲ್ಲಿ ಅವಳಿ ಕೂಸುಗಳಲ್ಲಿ ಒಂದು ತೀರಿದರೆ ಅದರ ಹೆಸರಿನಲ್ಲಿ ಗೊಂಬೆ ಮಾಡಿಸಿ, ತಾಯಿ ಅದಕ್ಕೂ ನೀರೆರೆದು, ಉಣಿಸಿ, ಬಟ್ಟೆ ತೊಡಿಸುತ್ತಾಳಂತೆ. "ಅದು ದೇವರಲ್ರೀ ಅಮ್ಮಾ, ನಿಮ್ಮ ಹೋದ ಮೊಮ್ಮಗ" ಎಂದರು.

ತೀರಿದ ಕೂಸನ್ನು ದೇವರ ಜಗುಲಿಗೆ ಏರಿಸಿದಂತಾಯಿತಲ್ಲ! ಅತ್ತೆಯವರ ಮಡಿ ನಿಮಗೆ ಗೊತ್ತೇ ಇದೆ. ಬಾವಿಗೇ ಎಸೆಯುತ್ತಾರೆಂದುಕೊಂಡೆ. ಕಳೆದುಕೊಂಡ ಮಗನನ್ನು ಮತ್ತೊಮ್ಮೆ ಕಳೆದುಕೊಳ್ಳಲಾರೆನೆಂದು ಬಂದೇನವಾಜರ ಎದುರಿಗೇ ಅತ್ತೆಯವರ ಕಾಲು ಹಿಡಿದೆ. ಅವರು ಎದ್ದು ಒಳಗೆ ಹೋದರು. ಗೊಂಬೆಯನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಮಲಗಿಸಿದರು.

"ಎಣ್ಣಿ ಹಚ್ಚಿ ಎರಿ. ಅಳೋದಿದ್ರ ಅತ್ತುಬಿಡವಾ" ಎಂದರು.

ಮನಸಾರೆ ಅತ್ತುಬಿಟ್ಟೆ. ಇವತ್ತು ಪ್ರಾಣೇಶ ಗೊಂಬೆಯ ಜುಟ್ಟು ಹಿಡಿದುಕೊಂಡೇ ಹೊಟ್ಟೆ ತುಂಬ ಹಾಲು ಕುಡಿದ. ಗೊಂಬೆಯಿಂದಲೋ, ಅತ್ತು ಹಗುರಾದ ನನ್ನಿಂದಲೋ, ನನಗೆ ತಿಳಿಯದು. ಅವನು ಕುಡಿದದ್ದು ಸಾಕು. ಆ ಸಿಪಾಯಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ದಾರಿ ಕಾಯುವ,
ಅಹಲ್ಯಾಬಾಯಿ

ತಾ.ಕ.: ಅತ್ತೆಯವರು ಪಕ್ಕದಲ್ಲೇ ಕೂತಿದ್ದಾರೆ, ಇದನ್ನೂ ಬರೆಯೆಂದರು. ಆ ಸಿಪಾಯಿಯಿಂದ ಇನ್ನೊಂದು ಗೊಂಬೆ ಮಾಡಿಸಬೇಕಂತೆ. ಹೆಣ್ಣು ಗೊಂಬೆ. ನೀವೂ ಒಬ್ಬರೇ ಹುಟ್ಟಿದವರಲ್ಲವಂತೆ. ಅವಳ ಹೆಸರು ರುಕ್ಮಿಣಿ.