ಅಲುಗಾಡುವ ಬೆಂಚು

ಯಲಬುರ್ಗಾ
14 ಸೆಪ್ಟೆಂಬರ್ 2024

ನನ್ನ ಮುದ್ದು ಮಮ್ಮಿಗೆ ನಿನ್ನ ಹೇಮಾಳ ಕೋಟಿ ನಮಸ್ಕಾರ, ಅದರ ಮೇಲೆ ಎರಡು ಮುತ್ತು!

ಫೋನ್ ಇರುವಾಗ ಪತ್ರ ಯಾಕೆ ಅಂತ ನಗುತ್ತೀಯ. ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಹೊರಗಿನ ಕಟ್ಟೆಯ ಮೇಲೆ ಮಾತ್ರ, ಅಲ್ಲಿ ಅತ್ತೆ ಕೂತಿರುತ್ತಾರೆ. ಅವರ ಕಿವಿಗೆ ಬೀಳಬಾರದ ಮಾತಿದೆ.

ಇವರು ಚೆನ್ನಾಗಿದ್ದಾರೆ. ಮಮ್ಮಿ, ತುಂಬಾ ತುಂಬಾ ಚೆನ್ನಾಗಿ! ಲೈನ್‌ಮನ್ ಕೆಲಸಕ್ಕೆ ಹೊರಟವರು ಗಾಡಿ ಆಫ್ ಮಾಡಿ, ಏನೋ ಮರೆತವರಂತೆ ಒಳಗೆ ಬಂದು ನನ್ನ ಮುಖ ನೋಡಿ ಹೋಗುತ್ತಾರೆ. ದಣಿದಿರುವವಳು ನಾನು. ಒಂದು ಬೆಂಚಿನಿಂದ ದಣಿದಿದ್ದೇನೆ.

ನಮ್ಮ ಮಾವನ ಹತ್ತಿರ ಲೈಸೆನ್ಸಿನ ಬಂದೂಕಿದೆ. ಮೆಕ್ಕೆಜೋಳಕ್ಕೆ ಕಾಡುಹಂದಿ ನುಗ್ಗಿದರೆ ಗಾಳಿಯಲ್ಲಿ ಹಾರಿಸಿ ಓಡಿಸುತ್ತಾರೆ. ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವುದನ್ನು ಅವರೇ ಮಾಡುತ್ತಾರೆ. ಒಲೆಯಿಂದ ದೂರ ಇರಬೇಕಲ್ಲ, ಹಾಗಾಗಿ ನಮ್ಮ ಕೋಣೆಯಲ್ಲಿ. ಅದೂ ನೀನು ಕೊಟ್ಟ ಮದುವೆ ಮಂಚದ ಮೇಲೆ! ಹೊಸ ಚಾದರದ ಮೇಲೆ ಮದ್ದಿನ ಡಬ್ಬಿ ನೋಡಿ ನಾನು ಅತ್ತೇಬಿಟ್ಟೆ.

ಆಗ ಬಂತು ನನ್ನ ಸೂಪರ್ ಐಡಿಯಾ. ಮಡಚುವ ಬೆಂಚು! ಅತ್ತೆ ಒಲೆ ಹಚ್ಚಿದರೆ ಎತ್ತಿಕೊಂಡು ಬೇವಿನ ಮರದ ಕೆಳಗೆ, ಗಾಳಿ ಬೀಸಿದರೆ ದನದ ಕೊಟ್ಟಿಗೆಗೆ. ಮೊದಲು ನನ್ನ ಇಸ್ತ್ರಿ ಟೇಬಲ್ ಕೊಟ್ಟು ನೋಡಿದೆ, ತೋಟಾ ಒತ್ತುವ ಕೈಯಂತ್ರದ ಹಿಡಿ ಎಳೆದ ತಕ್ಷಣ ಮಗುಚಿತು. ಕೊನೆಗೆ ಬಡಿಗೇರ ಕೊಟ್ರಬಸಪ್ಪನಿಗೆ ಚಿತ್ರ ಬರೆದುಕೊಟ್ಟೆ. ಮಾವನ ಸೊಂಟದ ಎತ್ತರ, ಅಗಲ ಕಾಲು, ಮದ್ದು ಚೆಲ್ಲದಂತೆ ಸುತ್ತಲೂ ಪಟ್ಟಿ. ಮಾವ ಸವರಿ ನೋಡಿ, "ಭಾಳ ಛಲೋ ಆತು ಹೇಮವ್ವ" ಅಂದರು. ನಾನು ಕುಣಿದೆ!

ಎರಡೇ ದಿನಕ್ಕೆ, "ಇದು ಅಲುಗಾಡತೈತಿ. ಮದ್ದು ಚೆಲ್ಲತೈತಿ" ಅಂದರು. ಕೊಟ್ರಬಸಪ್ಪ ಬಂದು ಅಡ್ಡಪಟ್ಟಿ ಹೊಡೆದ. ಮತ್ತೆ ದೂರು. ಕಾಲಿನ ಕೆಳಗೆ ರಬ್ಬರ್ ಕಟ್ಟಿದ. ಮತ್ತೆ ದೂರು. ಮೂರನೇ ಸಲ ಅವನೇ ಬೆಂಚಿನ ಮೇಲೆ ಹತ್ತಿ ನಿಂತು, "ಎತ್ತು ನಿಂತ್ರೂ ಅಲುಗಾಡಂಗಿಲ್ರಿ. ನಿಮ್ಮ ಅಂಗಳಾನ ಕುಣಿಯಾಕತ್ತೈತೇನೋ ನೋಡ್ಕೋರಿ!" ಅಂದ. ಅಷ್ಟು ದಿನವೂ ಬೆಂಚನ್ನು ಮರದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಂಗಳಕ್ಕೆ ಹೊತ್ತವಳು ನಾನು. ಹೆಗಲು ಬಿದ್ದುಹೋಗಿದೆ.

ಕಳೆದ ವಾರ ಬೆಂಚಿನ ಮೇಲೆ ಸಾಸಿವೆ ಹರವಿ ಕೈಯಂತ್ರದ ಹಿಡಿ ಎಳೆದು ನೋಡಿದೆ. ಒಂದು ಕಾಳೂ ಉರುಳಲಿಲ್ಲ. ಆಮೇಲೆ ಮಾವ ತುಂಬುವಾಗ ದೂರದಲ್ಲಿ ನಿಂತು ನೋಡಿದೆ. ಮದ್ದಿನ ಚಮಚ ಗಾಳಿಯಲ್ಲಿತ್ತು, ಬೆಂಚಿಗೆ ತಾಗಿಯೇ ಇರಲಿಲ್ಲ. ಆದರೂ ನಡುಗುತ್ತಿತ್ತು.

ಮಮ್ಮಿ, ನಡುಗುತ್ತಿರುವುದು ಬೆಂಚಲ್ಲ, ಮಾವನ ಕೈ. ಎಷ್ಟು ಒಳಗೆ ಬಿತ್ತು, ಎಷ್ಟು ಹೊರಗೆ ಚೆಲ್ಲಿತು ಅಂತ ತಿಳಿಯದೆ ಅಂದಾಜಿನ ಮೇಲೆ ಇನ್ನಷ್ಟು ಹಾಕಿದರು. ಹೆಚ್ಚು ಮದ್ದಿನ ತೋಟಾ ಹಾರಿಸಿದರೆ ಬಂದೂಕೇ ಸಿಡಿಯುವುದು ಅವರ ಕೆನ್ನೆಯ ಪಕ್ಕದಲ್ಲೇ.

"ನಿಮ್ಮ ಕೈ ನಡುಗುತ್ತದೆ" ಅಂತ ಹೇಗೆ ಹೇಳಲಿ? ಆ ಕೈಯಿಂದಲೇ ಊರಿನವರೆಲ್ಲ ಗುರಿ ಕಲಿತಿದ್ದಾರಂತೆ. ಹೋಗಿ, "ಮಾವ, ಅಳತೆ ತಪ್ಪಿದವಳು ನಾನೇ. ಈ ಬೆಂಚೇ ಸರಿಯಿಲ್ಲ. ಈಗ ತುಂಬಿದ್ದನ್ನೆಲ್ಲ ಹಾರಿಸದೆ ತೆಗೆದಿಡಿ, ಇನ್ನು ಮೇಲೆ ಕೊಪ್ಪಳದ ಅಂಗಡಿಯಿಂದ ತುಂಬಿದ ತೋಟಾ ತಂದುಬಿಡಿ" ಅಂದೆ. ಅವರು ಮದ್ದಿನ ಡಬ್ಬಿ ಮುಚ್ಚಿ, "ಆತು ಬಿಡು" ಅಂದರು. ತುಂಬಿದ್ದ ತೋಟಾಗಳನ್ನು ಬೇರೆ ಕಟ್ಟಿ ಅಂಗಡಿಗೆ ಕೊಟ್ಟು ಬಂದರು.

ಅಂದಿನಿಂದ ಮನೆಗೆಲ್ಲ ನಾನೇ ತಮಾಷೆ. ಅತ್ತೆ ಬಂದವರಿಗೆಲ್ಲ, "ಇಂಗ್ಲಿಷ್ ಸಾಲ್ಯಾಗ ಕಲತಾಳ್ರಿ ನಮ್ಮ ಸೊಸಿ. ಬೆಂಚಿಗೆ ನಾಕು ಕಾಲ ಅಂತ ಅಲ್ಲಿ ಹೇಳಿಕೊಟ್ಟಿಲ್ಲ ನೋಡ್ರಿ" ಅನ್ನುತ್ತಾರೆ. ಕೊಟ್ರಬಸಪ್ಪ ಮುಖ ತಿರುಗಿಸುತ್ತಾನೆ. ಇವರೂ ನಗುತ್ತಾರೆ, ಮಮ್ಮಿ. ಇವರಿಗೂ ಹೇಳಿಲ್ಲ. ಅಪ್ಪನ ಕೈಯನ್ನು ಮಗ ತಾನಾಗಿಯೇ ನೋಡಲಿ ಅಂತ. ಮದುವೆಯಾಗಿ ಎರಡೇ ತಿಂಗಳು, ನಗು ಮುಖ ಇಟ್ಟುಕೊಂಡು ಇಟ್ಟುಕೊಂಡು ದವಡೆ ನೋಯುತ್ತಿದೆ. ನಿನಗೊಬ್ಬಳಿಗೆ ಹೇಳಿ ಸ್ವಲ್ಪ ಹಗುರಾದೆ. ಮುನಿರಾಬಾದಿನ ನಮ್ಮ ಮನೆಗೆ ಬಂದಾಗ ಒಂದು ಇಡೀ ದಿನ ಮಲಗಲು ಬಿಡು, ಪ್ಲೀಸ್.

ನಿನ್ನ ತೋಳಿಗಾಗಿ ಕಾಯುವ,
ಹೇಮಾ

ತಾ.ಕ.: ಅಂಚೆಗೆ ಹಾಕಲು ಹೊರಟಾಗ ಮಾವ ತಡೆದು, "ನಿಮ್ಮವ್ವಗ ಬೆಂಚ್ ಛಲೋ ಐತಿ ಅಂತ ಬರಿ. ಬಡಿಗೇರಗೂ ಹೇಳಿ ಬಂದೀನಿ" ಅಂದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಅತ್ತೆಗೆ ಕೇಳಿಸದಂತೆ ಹೇಳಿದರು: "ನಾಳಿಂದ ನನಗ ಚಾ ಅರ್ಧಾ ಲೋಟ ಹಾಕವ್ವ. ಎರಡು ಸಲ ಕೊಡು."