ಗಿರಣಿ ಎಂಜಿನ್ನಿನ ಪಕ್ಕ

ಜನವರಿ 7, ಮಂಗಳವಾರ

ಇವತ್ತೂ ಬೋರ್ಡ್ ಬರೆಯುವುದೇ ಕೆಲಸ. ಜೀಪು ಮುಗಿಯಿತು, ರೋಡ್ ರೋಲರ್ ಮುಗಿಯಿತು. ಮರಾಠಿ, ಹಿಂದಿ, ಇಂಗ್ಲಿಷ್. ಸದರ್ ಬಡಾವಣೆಯ ಈ ಶೆಡ್ಡಿನಲ್ಲಿ ಹಳೇ ಗಾಡಿಗಳ ಕ್ಲಬ್ಬಿನವರು 26ಕ್ಕೆ ಮ್ಯೂಸಿಯಂ ತೆರೆಯುತ್ತಾರೆ. ಸಾಹಿತ್ಯದಲ್ಲಿ ಎಂಎ ಮಾಡಿ ಮನೆಯಲ್ಲಿ ಕುಳಿತವಳಿಗೆ ಅಪ್ಪ ಹುಡುಕಿಕೊಟ್ಟ ಕೆಲಸ. ಚೆನ್ನಾಗಿದೆ. ಗಾಡಿಗಳು ಪ್ರಶ್ನೆ ಕೇಳುವುದಿಲ್ಲ.

ಕೇಳುವವರು ರುದ್ರಪ್ಪ ಕಾಕಾ. ಗದಗ ಕಡೆಯವರು, ಆರ್ಡ್‌ನನ್ಸ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಮೌದಾ ಹತ್ತಿರದ ಹಳ್ಳಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ ತಂದು, ಎರಡು ವರ್ಷದಿಂದ ಅದರ ಮುಂದೆಯೇ ಇದ್ದಾರೆ. ನಾನು ಬರೆದ ಪ್ರತಿ ಬೋರ್ಡನ್ನೂ ಅವರಿಗೆ ಓದಿ ಹೇಳಬೇಕು.

"ಜೋರ್ಲೆ ಓದವಾ. ಬಾಯಾಗ ಬೆಲ್ಲ ಇಟ್ಕೊಂಡೀಯೇನು?"

ಮತ್ತೆ ಓದಿದೆ.

"ಇನ್ನೂ ಜೋರ್ಲೆ."

ಎಲ್ಲರೂ ತಿರುಗಿ ನೋಡಿದರು. ನನ್ನ ಸಂಕೋಚ ಬಿಡಿಸಲು ಹೊರಟಿದ್ದಾರೆ, ಪುಣ್ಯಾತ್ಮರು. ನಾಳೆ ಹೋಗುವುದೇ ಬೇಡ...

ಜನವರಿ 14, ಸಂಕ್ರಾಂತಿ

ಕಾಕಾ ಎಳ್ಳುಂಡೆ ಕೊಟ್ಟರು. ಎಲ್ಲರೂ ಸಿಹಿಯಾಗಿ ಮಾತಾಡು ಎಂದು ಕೊಡುತ್ತಾರೆ. ಇವರು — "ಜೋರ್ಲೆ ಮಾತಾಡು." ನಕ್ಕುಬಿಟ್ಟೆ. ಬೋರ್ಡ್ ಓದಿದೆ. ಶೆಡ್ಡಿನ ಆ ತುದಿಯವರೆಗೂ ಕೇಳಿಸಿತಂತೆ. ನನ್ನೊಳಗೆ ಇಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಒಂದು ಗಮನಿಸಿದೆ. ಎಂಜಿನ್ ಪರೀಕ್ಷಿಸುವಾಗ ಕಾಕಾ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಾರೆ.

ಜನವರಿ 19, ರವಿವಾರ

ಟ್ರಯಲ್. ಎಂಜಿನ್ ಶುರುವಾಯಿತು — ದುಗ್... ದುಗ್... ಕಾಕಾನ ಮುಖವೆಲ್ಲ ನಗು. ಆಮೇಲೆ ಬೆಲ್ಟ್ ಕಿರುಚತೊಡಗಿತು, ಗಾಲಿಯಿಂದ ಜಾರುತ್ತಿತ್ತು. ಸೆಕ್ರೆಟರಿ ಉಮಾಕಾಂತ ಸರ್ ಹಿಂದಿನಿಂದ "ಬಂದ್ ಕರಾ" ಎಂದು ಕೂಗಿದರು. ಎಲ್ಲರೂ ಕೂಗಿದರು. ಕಾಕಾ ನಮಗೆ ಬೆನ್ನು ಹಾಕಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟು, ನಗುತ್ತಲೇ ಇದ್ದರು. ಬೆಲ್ಟ್ ಕಳಚಿ ಗೋಡೆಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಆಗ ತಿಳಿಯಿತು, ಎಲ್ಲರಿಗೂ. ಕಾಕಾಗೆ ಕಿವಿ ಕೇಳಿಸುವುದಿಲ್ಲ.

ಜೋರ್ಲೆ, ಜೋರ್ಲೆ... ನನ್ನನ್ನು ತಿದ್ದುತ್ತಿರಲಿಲ್ಲ ಅವರು. ಸ್ಕ್ರೂಡ್ರೈವರ್ ಕಚ್ಚುತ್ತಿದ್ದುದೂ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ತಿಳಿಯಲು.

ಉಮಾಕಾಂತ ಸರ್ ಕೆಟ್ಟವರಲ್ಲ. ಮೆತ್ತಗೇ ಹೇಳಿದರು, "26ಕ್ಕೆ ಮಕ್ಕಳು ಬರುತ್ತಾರೆ, ರುದ್ರಪ್ಪಾಜಿ. ಎಂಜಿನ್ ಬೇರೆಯವರು ನಡೆಸಲಿ. ನೀವು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿರಿ."

ಕಾಕಾ ಉಮಾಕಾಂತ ಸರ್ ತುಟಿಯನ್ನೇ ನೋಡುತ್ತಿದ್ದರು. ಅರ್ಥವಾಯಿತು. ಚಿಂದಿಯಿಂದ ಕೈ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"ಅವರ ಹಿಂದೆ ನಾನು ನಿಲ್ಲುತ್ತೇನೆ," ಅಂದೆ. ಮರಾಠಿಯಲ್ಲಿ. ಇಡೀ ಶೆಡ್ಡಿಗೆ ಕೇಳಿಸುವಂತೆ. "ಕೇಳಿಸಿಕೊಳ್ಳುವುದು ನನ್ನ ಕೆಲಸ."

ಉಮಾಕಾಂತ ಸರ್ ಕನ್ನಡಕ ತೆಗೆದು ನೋಡಿದರು. "ಅರೇ, ಈ ಹುಡುಗಿಗೆ ಮಾತು ಬರುತ್ತದೆಯೇ?" ಆಮೇಲೆ, "ಶನಿವಾರದೊಳಗೆ ಮಾಡಿ ತೋರಿಸಿ. ನೋಡೋಣ."

ಜನವರಿ 21

ಪ್ರಾಕ್ಟೀಸ್. ಬೆನ್ನಿಗೆ ಒಂದು ಸಲ ತಟ್ಟಿದರೆ, ಸರಿ ಇದೆ. ಎರಡು ಸಲ, ಬಂದ್.

"ದನಾ ಹೊಡದಂಗ ಹೊಡೀಬ್ಯಾಡವಾ."

ಕಿವಿಯ ವಿಷಯ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ, ಮುಖಕ್ಕೆ ಮುಖ ಕೊಟ್ಟು.

"ಹೇಳಿದ್ರ ಮನ್ಯಾಗ ಕುಂಡ್ರಸ್ತಿದ್ರು."

ಜನವರಿ 26, ಸಂಜೆ

ಆಯಿತು. ಶನಿವಾರವೇ ಉಮಾಕಾಂತ ಸರ್ ಹೂಂ ಅಂದಿದ್ದರು. ಇವತ್ತು ಒಂದು ಮಗು ಹಗ್ಗದ ಕೆಳಗೆ ನುಸುಳಿತು — ಎರಡು ಸಲ ತಟ್ಟಿದೆ. ಮಗುವಿನ ತಾಯಿ ಕೂಗುವ ಮೊದಲೇ ಕಾಕಾನ ಕೈ ಡೀಸೆಲ್ ನಿಲ್ಲಿಸಿತ್ತು. ಮಕ್ಕಳ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಹೇಳಿದೆ, ಎಂಜಿನ್ನಿಗಿಂತ ಜೋರಾಗಿ. ಗಂಟಲು ಕಟ್ಟಿದೆ.

ಎಲ್ಲ ಹೋದ ಮೇಲೆ ಕಾಕಾ ಕೇಳಿದರು, "ಹ್ಯಾಂಗ ಸಪ್ಪಳಾ ಮಾಡ್ತಿತ್ತು? ಹೇಳು."

ಇಷ್ಟು ಸಾಹಿತ್ಯ ಓದಿದ್ದಕ್ಕೆ ಇವತ್ತು ಪರೀಕ್ಷೆ. ಯೋಚಿಸಿದೆ. "ಮೆತ್ತನ್ನ ಮಣ್ಣಿಗೆ ಒನಕಿ ಬಿದ್ದಂಗ. ನಡುವ ಒಂದು ಉಸಿರು. ಮತ್ತ ಬಿದ್ದಂಗ."

ಕಾಕಾ ಕಣ್ಣು ಮುಚ್ಚಿದರು. "ಬರೋಬರ್. ಹಂಗ ಇರಬೇಕು."

ಫೆಬ್ರವರಿ 8, ಶನಿವಾರ

ಕಾಕಾನ ಸೊಸೆ ಕಲಾವತಿ ಅಕ್ಕ ಕೊನೆಗೂ ಅವರನ್ನು ಧರಮಪೇಠದ ಕ್ಲಿನಿಕ್ಕಿಗೆ ಕರೆದೊಯ್ದು ಕಿವಿಯ ಮಷಿನ್ ಹಾಕಿಸಿದ್ದಾರೆ. "ಚಲೋ ಆತು, ಕಾಕಾ," ಅಂದೆ. ಎರಡೂ ಕಿವಿ ಮುಚ್ಚಿಕೊಂಡರು.

"ಯಾಕ ಒದರತೀಯವಾ? ಇಡೀ ಸದರ್ ಎದ್ದು ಬಂದೀತು."

ಇನ್ನು ಹಳೆಯ ದನಿಗೆ ಮರಳಬಹುದು. ಪ್ರಯತ್ನಿಸಿದೆ. ಕೆಳಗಿಳಿಯುತ್ತಿಲ್ಲ. ಇದು ಅವರು ಕೊಟ್ಟದ್ದು, ಕೊಟ್ಟೆನೆಂದು ಅವರಿಗೇ ಗೊತ್ತಿಲ್ಲ. ಹೇಳಬೇಕು. ಹೇಗೆ...

ಮಕ್ಕಳ ಗುಂಪೊಂದು ಬಂದಿದೆ. ಎಂಜಿನ್ ಶುರು ಮಾಡುವ ಹೊತ್ತು. ಕಾಕಾ ಮಷಿನ್ ತೆಗೆದು ಜೇಬಿಗೆ ಹಾಕಿಕೊಂಡರು. "ಇಲ್ಲಿ ಇದು ಬ್ಯಾಡ." ಹ್ಯಾಂಡಲ್ ಹಿಡಿದಿದ್ದಾರೆ, ತಿರುಗಿಸುತ್ತಿಲ್ಲ. ಈ ಕಡೆಯೇ ನೋಡುತ್ತಿದ್ದಾರೆ. ಬೆನ್ನ ಹಿಂದಿನ ಜಾಗ ಖಾಲಿ ಇದೆ. ನಾನು —