ಮೀನುಗಳಿಗೊಂದು ಪೀಠ

ಗುಡ್ಡೆಹೊಸೂರು,
೧೦-೧೧-೨೦೨೪

ಪ್ರೀತಿಯ ಮಗಳು ಅನುಶ್ರೀಗೆ,

ನಿನ್ನ ಮಾವ ಸಣ್ಣಸ್ವಾಮಿ ಮಾಡುವ ಆಶೀರ್ವಾದಗಳು. ಅರಕಲಗೂಡಿನ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಊಟ ಸೇರುತ್ತಿದೆಯೇ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಫೋನ್ ಇರುವಾಗ ಕಾಗದವೇಕೆ ಎನ್ನಬೇಡ. ಫೋನ್ ಎತ್ತಿಕೊಂಡರೆ ನಿನ್ನ ಅತ್ತೆ ಅದನ್ನು ಕಸಿದು, ನಿನ್ನೊಡನೆ ಎರಡು ಮಾತಾಡಿ, ಅಳಲು ಕೂರುತ್ತಾಳೆ. ನನ್ನ ಸರದಿ ಬರುವುದೇ ಇಲ್ಲ.

ಮೊನ್ನೆ ನಿನ್ನ ಅಪ್ಪ ಫೋನ್ ಮಾಡಿ, ಕೊಣನೂರಿನ ಮೇಷ್ಟರ ಸಂಬಂಧ ಬಂದಿರುವ ವಿಷಯ ತಿಳಿಸಿದರು. ನೀನು "ಮಾವ ಏನಂತಾರೋ ಹಂಗೆ" ಎಂದು ಒಳಗೆ ಹೋದೆಯಂತೆ. ನಮ್ಮ ಸುದೀಪ ಹೋಗಿ ಎರಡನೇ ವರ್ಷ ನಡೆಯುತ್ತಿದೆ. ಮಗನನ್ನು ಕಳೆದುಕೊಂಡವನ ತಲೆಗೇ ಈ ತೀರ್ಪು ಬಂತಲ್ಲ ಎಂದು ಗಾಬರಿಯಾಗಿ, ಗಾಬರಿಯಾದ ಗಂಡಸರು ಮಾಡುವುದನ್ನೇ ಮಾಡಿದೆ. ಗರಗಸ ಹುಡುಕಿದೆ.

ಕಾರಣವೂ ಇತ್ತೆನ್ನು. ನೀನು ಹೊಲಿಗೆ ಶುರುಮಾಡಿದ್ದೀಯೆಂದು ನಿನ್ನ ಕಟಿಂಗ್ ಟೇಬಲ್ ಕಳಿಸಿಕೊಟ್ಟೆವಲ್ಲ, ಅಂದಿನಿಂದ ಅದರ ಮೇಲಿದ್ದ ಮೀನಿನ ತೊಟ್ಟಿ, ಮದುವೆಯ ಹೊಸದರಲ್ಲಿ ಸುದೀಪ ನಿನಗೆಂದು ತಂದದ್ದು, ನೆಲಕ್ಕಿಳಿದಿತ್ತು. ಕೋಳಿ ಒಳಗೆ ಬಂದು ಗಾಜು ಕುಕ್ಕುವುದು, ಮೀನುಗಳು ಸಾಲಾಗಿ ನಿಂತು ಅದನ್ನು ಟಿವಿಯಂತೆ ನೋಡುವುದು. ಅಂಗಡಿಯ ಸ್ಟ್ಯಾಂಡಿನ ಬೆಲೆ ಕೇಳಿ, ಅಂಗಡಿಯವನಿಗೆ ಕೈಮುಗಿದು ಬಂದೆ. ಮುರಿದ ಮಂಚದ ಕಾಲುಗಳು, ಶೆಡ್ಡಿನಲ್ಲಿ ಉಳಿದಿದ್ದ ಸಿಲ್ವರ್ ಓಕ್ ಹಲಗೆ, ಮೇಲೆ ಹಾಸಲು ಟಿವಿ ಬಂದ ಡಬ್ಬದ ಥರ್ಮಕೋಲ್. ಇಷ್ಟರಲ್ಲೇ ಮತ್ಸ್ಯಪೀಠ ನಿರ್ಮಾಣವಾಯಿತು.

ಕೊಯ್ಲು ಶುರುವಾಗಿಲ್ಲದ್ದರಿಂದ ಕಾಫಿ ಒಣಗಿಸುವ ಕಣ ಖಾಲಿ. ಅಲ್ಲೇ ಕೂತು ಕೆಲಸ ಮಾಡಿದೆ. ಪೀಠದ ಮೇಲೆ ತಟ್ಟೆ ತುಂಬ ನೀರಿಟ್ಟು, ನೀರು ಒಂದು ಕಡೆ ಸರಿದಾಗಲೆಲ್ಲ ಎತ್ತರದ ಕಡೆಯ ಕಾಲುಗಳನ್ನು ಚೂರು ಚೂರೇ ಕುಯ್ದು ಮಟ್ಟ ತಂದೆ. ಮೆರವಣಿಗೆಯಲ್ಲಿ ನಡುಮನೆಗೆ ತಂದಿಟ್ಟರೆ, ಪೀಠ ಅಡಿಗೆಮನೆಯ ಕಡೆಗೆ ಬಾಗಿ ನಮಸ್ಕಾರ ಮಾಡುತ್ತ ನಿಂತಿತು. ಪಕ್ಕದ ತೋಟದ ಕೆಂಪಣ್ಣ ಹೊಸ್ತಿಲಲ್ಲೇ ಕೂತು ನಕ್ಕ. "ಅಲ್ಲ ಕಣಣ್ಣ, ಮಳೆ ನೀರು ಹರ್ದು ಹೋಗ್ಲಿ ಅಂತ ಕಣ ಓರೆ ಮಾಡ್ಸಿದ್ದು ನೀನೇ ತಾನೆ? ಮೀನ್ಗಳ್ನೂ ಒಣಗಾಕಕ್ಕೆ ಹೊಂಟಿದ್ಯಾ?"

ಗಿಡ್ಡವಾದ ಎರಡು ಕಾಲಿಗೆ ಈಗ ಅಡಿಯಲ್ಲಿ ಏನಾದರೂ ಕೊಡಬೇಕಿತ್ತು. ಕಲ್ಲು, ಹೆಂಚಿನ ಚೂರು, ಏನಿಟ್ಟರೂ ಜಾರಿತು. ಆಗ ನಿನ್ನ ಅತ್ತೆ ಬಾಗಿಲ ಹಿಂದಿನಿಂದ ಸುದೀಪನ ಹಾಕಿ ಸ್ಟಿಕ್ ತಂದಳು. ಅವನು ಹೋದ ಮೇಲೆ ಆ ಸ್ಟಿಕ್ಕಿಗೆ ತಾಗಬಾರದೆಂದು ಆ ಬಾಗಿಲನ್ನು ನಾವ್ಯಾರೂ ಪೂರ್ತಿ ತೆರೆದದ್ದಿಲ್ಲ, ನಿನಗೇ ಗೊತ್ತು. "ಇದನ್ನ ಕುಯ್ರಿ" ಅಂದಳು. ನಾನು ಗರಗಸದ ಹಲ್ಲು ಪರೀಕ್ಷಿಸುವ ನಾಟಕವಾಡುತ್ತ ಕೂತೆ. "ನೀವು ಕುಯ್ದ್ರೆ ಇದೂ ಓರೆ ಆಯ್ತದೆ, ಕೊಡಿ ಇತ್ಲಾಗೆ" ಎಂದು ಕಿತ್ತುಕೊಂಡು, ಹಿಡಿಯ ಕಡೆಯಿಂದ ಎರಡು ಬಿಲ್ಲೆ ತಾನೇ ಕುಯ್ದಳು. ಅಳಲಿಲ್ಲ. ಆಮೇಲೆ ಮರದ ಹುಡಿ ಬಿದ್ದ ನೆಲವನ್ನು ಮಾತ್ರ ಎಷ್ಟೋ ಹೊತ್ತು ಒರೆಸಿದಳು.

ತೊಟ್ಟಿ ಈಗ ನೆಟ್ಟಗೆ ನಿಂತಿದೆ. ಉಳಿದ ಸ್ಟಿಕ್ಕನ್ನು ಎಲ್ಲಿಡುವುದೆಂದು ಇಬ್ಬರಿಗೂ ತೋಚದೆ, ಅದು ಊಟದ ಬೆಂಚಿನ ಮೇಲೆ ಮಲಗಿದೆ; ನಾವು ಅದರ ಈಚೆಗೊಬ್ಬರು ಆಚೆಗೊಬ್ಬರು ಕೂತು ಉಣ್ಣುತ್ತೇವೆ. ಬಾಗಿಲು ಮಾತ್ರ ಗೋಡೆ ಮುಟ್ಟುವವರೆಗೂ ತೆರೆಯುತ್ತದೆ.

ನಿನ್ನ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ಹೇಳು. ಕೆಮ್ಮಿನ ಔಷಧಿ ತಪ್ಪಿಸಬೇಡ. ದೇವರು ನಿನ್ನನ್ನು ತಂಪಾಗಿಡಲಿ.

ಇಂತಿ ನಿನ್ನ ಮಾವ,
ಮತ್ಸ್ಯಪೀಠ ನಿರ್ಮಾತೃ
ಸಣ್ಣಸ್ವಾಮಿ

ಮರೆತಿದ್ದೆ: ಈ ಕಾಗದ ಡಬ್ಬಕ್ಕೆ ಹಾಕಲು ಕುಶಾಲನಗರಕ್ಕೆ ಹೊರಟ ಕೆಂಪಣ್ಣ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಮೇಷ್ಟರು ನಿನಗೆ ಹಿಡಿಸಿದ್ದರೆ ಹೂಂ ಅನ್ನು, ನಮ್ಮ ಮುಖ ನೋಡಿ ಬೇಡ ಅನ್ನಬೇಡ. ಇದನ್ನು ಮೊದಲು ಹೇಳಿದವಳು ನಿನ್ನ ಅತ್ತೆ, ಆ ನೆಲ ಒರೆಸುತ್ತಾ. ನಿನ್ನ ಹೆಸರಿನ ಹಿಂದೆ ಮತ್ತೆ ಚಿ. ಸೌ. ಎಂದು ಬರೆಯುವ ಆಸೆ ನನಗಿದೆ. ಧಾರೆಗೆ ಮಾತ್ರ ಕರೆಯಬೇಡಮ್ಮ. ಅವಳಿಗೆ ಬರಲಾಗುವುದಿಲ್ಲ, ಅವಳನ್ನು ಬಿಟ್ಟು ನನಗೂ ಆಗುವುದಿಲ್ಲ.